ಫೈಂಡ್‌ಆಲ್ ಬಳಸುವಾಗ ಬ್ರ್ಯಾಕೆಟ್ ಎಣಿಸಿ

ಉದ್ದನೆಯ ಬರಹದಿಂದ ತಾರೀಖುಗಳನ್ನು ಹೆಕ್ಕಬೇಕಾದಾಗ ಪೈಥಾನ್ ಕಲಿತವರ ಕೈ ಮೊದಲು ಹೋಗುವುದು ‘ರಿ’ (re) ಲೈಬ್ರರಿಯ ಫೈಂಡ್‌ಆಲ್ (findall) ಕಡೆಗೆ. ಪ್ಯಾಟರ್ನ್, ಅಂದರೆ ಹುಡುಕಬೇಕಾದದ್ದರ ಮಾದರಿ, ಕೊಟ್ಟರೆ ಸಾಕು, ಸಿಕ್ಕಿದ್ದನ್ನೆಲ್ಲ ಒಂದು ಲಿಸ್ಟ್ ಮಾಡಿ ಕೊಡುತ್ತದೆ. ಆದರೆ ಆ ಲಿಸ್ಟಿನೊಳಗೆ ಏನಿರುತ್ತದೆ ಅನ್ನೋದು ನೀವು ಪ್ಯಾಟರ್ನಿನಲ್ಲಿ ಎಷ್ಟು ದುಂಡು ಬ್ರ್ಯಾಕೆಟ್ ( ) ಹಾಕಿದ್ದೀರಿ ಎಂಬುದರ ಮೇಲೆ ಬದಲಾಗುತ್ತದೆ. ಹೊಸಬರು ಎಡವುವ ಜಾಗ ಇದು. ಪೈಥಾನ್ ತೆರೆದಿಟ್ಟುಕೊಂಡು ಜೊತೆಗೇ ಮಾಡಿ ನೋಡಿ.

ಮೊದಲು ಈ ಸಾಲು ತೆಗೆದುಕೊಳ್ಳಿ:

'15-08-1947, 01-11-1956'

ದುಂಡು ಬ್ರ್ಯಾಕೆಟ್ಟೇ ಇಲ್ಲದ ಪ್ಯಾಟರ್ನ್ ಕೊಡಿ ([0-9]+ ಅಂದರೆ ಒಂದು ಅಥವಾ ಹೆಚ್ಚು ಅಂಕಿ; ಈ ಚೌಕ ಬ್ರ್ಯಾಕೆಟ್ ಲೆಕ್ಕಕ್ಕಿಲ್ಲ):

'[0-9]+-[0-9]+-[0-9]+'

ಉತ್ತರ ['15-08-1947', '01-11-1956']. ಪೂರ್ತಿ ತಾರೀಖುಗಳು ಬಂದವು. ಈಗ ತಿಂಗಳು, ವರ್ಷ ಮಾತ್ರ ಬೇಕು ಅಂದುಕೊಳ್ಳಿ. ಅವೆರಡಕ್ಕೂ ಬ್ರ್ಯಾಕೆಟ್ ಹಾಕಿ:

'[0-9]+-([0-9]+)-([0-9]+)'

ಉತ್ತರ [('08', '1947'), ('11', '1956')]. ಸ್ಟ್ರಿಂಗ್ (ಬರೀ ಅಕ್ಷರಗಳ ಸಾಲು) ಹೋಗಿ ಟ್ಯೂಪಲ್ (ಹಲವು ಬೆಲೆಗಳ ಜೋಡಣೆ) ಬಂತು. ಪ್ರತಿಯೊಂದರ [0], ಅಂದರೆ ಮೊದಲನೆಯದು, ತೆಗೆದರೆ ತಿಂಗಳು ಸಿಗುತ್ತದೆ, ಸರಿ.

ನಾಳೆ ಯಾರೋ ಬಂದು ‘ತಿಂಗಳು ಬೇಡ, ವರ್ಷ ಸಾಕು’ ಎಂದು ಒಂದು ಬ್ರ್ಯಾಕೆಟ್ ತೆಗೆದರು ಅನ್ನಿ. ಉತ್ತರ ['1947', '1956'] ಆಗುತ್ತದೆ. ಟ್ಯೂಪಲ್ ಮಾಯ, ಮತ್ತೆ ಬರೀ ಸ್ಟ್ರಿಂಗ್. ಕೆಳಗಿನ ಸಾಲಿನಲ್ಲಿ [0] ಹಾಗೇ ಉಳಿದಿದ್ದರೆ ಅದು '1947'ರ ಮೊದಲ ಅಕ್ಷರ ಎತ್ತಿಕೊಂಡು '1' ಕೊಡುತ್ತದೆ. ಎರರ್ ಬರುವುದಿಲ್ಲ. ಪ್ರೋಗ್ರಾಮ್ ಸುಮ್ನೆ ಓಡುತ್ತದೆ, ಲೆಕ್ಕ ಮಾತ್ರ ತಪ್ಪು. ನನಗೆ ಭಯವಾಗುವುದು ಇಂಥ ತಪ್ಪು ಕಂಡರೇ. ಎರರ್ ಬಂದಿದ್ದರೆ ಆಗಲೇ ಸರಿಮಾಡುತ್ತಿದ್ದೆವು, ಅಲ್ವಾ?

ಇನ್ನೊಂದು ರೀತಿಯಲ್ಲೂ ಇದು ಕಾಡುತ್ತದೆ. ಒಂದೇ ತುಣುಕು ಮತ್ತೆ ಮತ್ತೆ ಬರಲಿ ಎಂದು '([0-9]+-)+[0-9]+' ಎಂದು ಬರೆದರೆ ಸಿಗುವುದು ['08-', '11-']. ನೀವು ಬ್ರ್ಯಾಕೆಟ್ ಹಾಕಿದ್ದು ಗುಂಪು ಮಾಡಲು. ಫೈಂಡ್‌ಆಲ್ ತಿಳಿದುಕೊಂಡಿದ್ದು ‘ಇದನ್ನೇ ಹಿಡಿದು ಕೊಡು’ ಎಂದು. ಅದೂ ಕೊನೆಯ ಸಲ ಹಿಡಿದದ್ದು ಮಾತ್ರ. ಬ್ರ್ಯಾಕೆಟ್ ತೆರೆದ ಕೂಡಲೇ ?: ಸೇರಿಸಿ, '(?:[0-9]+-)+[0-9]+' ಎಂದು ಮಾಡಿ. ಪೂರ್ತಿ ತಾರೀಖು ವಾಪಸ್ ಬರುತ್ತದೆ. ಸುಮ್ಮನೆ ಗುಂಪು ಮಾಡುವಾಗಲೆಲ್ಲ ?: ಹಾಕುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಇದು ಬಗ್ ಅಲ್ಲ. ಪೈಥಾನ್‌ನ ಕೈಪಿಡಿಯಲ್ಲೇ ಹೀಗೆ ಆಗುತ್ತದೆ ಎಂದು ಬರೆದಿದ್ದಾರೆ. ಇದನ್ನೇ ನಂಬಿಕೊಂಡ ಹಳೆಯ ಪ್ರೋಗ್ರಾಮ್‌ಗಳು ಎಷ್ಟೋ ಇವೆ, ಈಗ ಬದಲಿಸಿದರೆ ಅವೆಲ್ಲ ಕೆಡುತ್ತವೆ. ಹಾಗಾಗಿ ಎಚ್ಚರ ನಮ್ಮ ಕಡೆಯಿಂದಲೇ ಇರಬೇಕು.

ನನ್ನ ಸಲಹೆ ಕೇಳಿದರೆ, ಬ್ರ್ಯಾಕೆಟ್ ಇರುವ ಪ್ಯಾಟರ್ನಿಗೆ ಫೈಂಡ್‌ಆಲ್ ಬಿಟ್ಟು ಫೈಂಡ್‌ಐಟರ್ (finditer) ಬಳಸಿ. ಬ್ರ್ಯಾಕೆಟ್ ಎಷ್ಟೇ ಇರಲಿ, ಅದು ಒಂದೊಂದಾಗಿ ಮ್ಯಾಚ್ ಆಬ್ಜೆಕ್ಟನ್ನೇ (ಸಿಕ್ಕಿದ್ದರ ವಿವರವೆಲ್ಲ ಇರುವ ವಸ್ತು) ಕೊಡುತ್ತದೆ. ಅದರಲ್ಲಿ [0] ಅಂದರೆ ಯಾವಾಗಲೂ ಪೂರ್ತಿ ಸಿಕ್ಕಿದ್ದು, [1] ಮೊದಲ ಬ್ರ್ಯಾಕೆಟ್, [2] ಎರಡನೆಯದು.

ಒಂದು ವ್ಯತ್ಯಾಸ ಮಾತ್ರ ನೆನಪಿಡಿ. '([0-9]+)(-[0-9]+)?' ಪ್ಯಾಟರ್ನಿಗೆ ಬರೀ '1956' ಕೊಟ್ಟರೆ ಎರಡನೆಯ ಬ್ರ್ಯಾಕೆಟ್ಟಿಗೆ ಏನೂ ಸಿಗುವುದಿಲ್ಲ (ಕೊನೆಯ ? ಅಂದರೆ ಅದು ಇರದಿದ್ದರೂ ಸರಿ). ಆಗ ಫೈಂಡ್‌ಆಲ್ ಖಾಲಿ ಸ್ಟ್ರಿಂಗ್ ಇಡುತ್ತದೆ, ಮ್ಯಾಚ್ ಆಬ್ಜೆಕ್ಟ್ ‘ನನ್’ (None, ಏನೂ ಇಲ್ಲ ಎಂಬ ಗುರುತು) ಕೊಡುತ್ತದೆ. ಖಾಲಿ ಸ್ಟ್ರಿಂಗೇ ಬೇಕಿದ್ದರೆ ಮ್ಯಾಚ್ ಆಬ್ಜೆಕ್ಟಿನ ಗ್ರೂಪ್ಸ್ (groups) ಮೆಥಡ್‌ಗೆ '' ಕೊಟ್ಟು ಕರೆಯಿರಿ.

ಬರಹವನ್ನು ತುಂಡರಿಸುವ, ‘ರಿ’ ಲೈಬ್ರರಿಯದೇ ಆದ ಸ್ಪ್ಲಿಟ್‌ಗೂ (split) ಇದೇ ಗುಣ ಇದೆ. '15-08-1947' ತುಂಡರಿಸಲು '-' ಕೊಟ್ಟರೆ ['15', '08', '1947'], '(-)' ಕೊಟ್ಟರೆ ['15', '-', '08', '-', '1947']. ನಿಮ್ಮ ಹಳೆಯ ಪ್ರೋಗ್ರಾಮ್ ತೆರೆದು ಫೈಂಡ್‌ಆಲ್, ಸ್ಪ್ಲಿಟ್ ಎಲ್ಲೆಲ್ಲಿವೆ ಎಂದು ಹುಡುಕಿ, ಪ್ರತಿ ಪ್ಯಾಟರ್ನಿನ ಬ್ರ್ಯಾಕೆಟ್ ಎಣಿಸುತ್ತಾ ಹೋಗಿ.