ನಗುವ ಮುನ್ನ ಮೂರು ಸೆಕೆಂಡು

ತಪ್ಪು ಉತ್ತರ ಹೇಳಿದ ಮಗುವನ್ನು ಬಿಟ್ಟು ಉಳಿದವರ ಮುಖಗಳನ್ನು ಒಮ್ಮೆ ಗಮನಿಸಿ. ಹಿಂದಿನ ಬೆಂಚಿನಲ್ಲಿ ಒಬ್ಬ ಕಿಸಕ್ಕನೆ ನಗುತ್ತಾನೆ, ಪಕ್ಕದವನನ್ನು ಮೊಣಕೈಯಿಂದ ತಿವಿಯುತ್ತಾನೆ, ಇನ್ನಾರೋ ಆ ತಪ್ಪು ಪದವನ್ನೇ ಅಣಕಿಸಿ ಪಿಸುಗುಡುತ್ತಾರೆ. ಮೇಷ್ಟ್ರು ಮೇಜು ಕುಟ್ಟಿದ ಕೂಡಲೇ ಸದ್ದು ಅಡಗುತ್ತದೆ. ಆದರೆ ಮುಂದಿನ ಪ್ರಶ್ನೆಗೆ ಏಳುವ ಕೈಗಳನ್ನು ಎಣಿಸಿ ನೋಡಿ: ಉತ್ತರ ಖಚಿತವಾಗಿ ಗೊತ್ತಿರುವ ಅದೇ ಮೂರು ನಾಲ್ಕು ಕೈಗಳು. ಉಳಿದವರು ಪಾಠ ಕಲಿತಾಗಿದೆ, ಪುಸ್ತಕದಲ್ಲಿ ಇಲ್ಲದ ಪಾಠ.

ಸೂಜಿ ಬಿದ್ದರೂ ಕೇಳಿಸುವ ತರಗತಿಯೇ ಶಿಸ್ತಿನ ತರಗತಿ ಎಂದು ನಂಬಿದವರು ಬಹಳ. ಆ ಮೌನದಲ್ಲಿ ಗೌರವ ಎಷ್ಟು, ಅಂಜಿಕೆ ಎಷ್ಟು ಎಂದು ಅಳೆಯುವವರು ಕಡಿಮೆ. ಸಹಪಾಠಿಯ ಮಾತಿಗೆ ಕಿವಿಗೊಡುವುದು, ಎಡವಿದವನನ್ನು ಹುರಿದುಂಬಿಸುವುದು ಇವೆಲ್ಲ ಮಗ್ಗಿಯ ಹಾಗೆ ರೂಢಿಯಿಂದ ಬರುವಂಥವು. ಮಗ್ಗಿ ತಪ್ಪಿದ ಮಗುವಿಗೆ ಮತ್ತೆ ಹೇಳಿಕೊಡುತ್ತೇವೆ; ನಡತೆ ತಪ್ಪಿದ ಮಗುವಿಗೆ ಮಾತ್ರ ನೇರವಾಗಿ ಶಿಕ್ಷೆ. ನಡತೆಯನ್ನೂ ಹೇಳಿಕೊಡುವುದು ಹೇಗೆ? ಒಂದೊಂದೇ ಹೆಜ್ಜೆಯಾಗಿ ನೋಡೋಣ.

ಹೆಜ್ಜೆ 1: ಕಣ್ಣಿಗೆ ಕಾಣುವ ನಿಯಮ ಬರೆಯಿರಿ

‘ಎಲ್ಲರನ್ನೂ ಗೌರವಿಸಿ’ ಎಂಬ ಬರಹ ಗೋಡೆಗೆ ಚೆಂದ; ಅದನ್ನು ಪಾಲಿಸಲು ಏನು ಮಾಡಬೇಕೆಂಬುದು ಮಗುವಿಗೆ ತಿಳಿಯುವುದಿಲ್ಲ. ಮಕ್ಕಳನ್ನೇ ಕೇಳಿ: ‘ನೀವು ಮಾತನಾಡುವಾಗ ಬೇರೆಯವರು ಏನು ಮಾಡಿದರೆ ನಿಮಗೆ ಬೇಸರವಾಗುತ್ತದೆ?’ ಉತ್ತರಗಳಿಗೆ ಬರವಿರುವುದಿಲ್ಲ. ಅವನ್ನು ಕಪ್ಪುಹಲಗೆಯ ಮೇಲೆ ಬರೆದು, ಒಂದೊಂದನ್ನೂ ಮಾಡಿ ತೋರಿಸಬಹುದಾದ ಕೆಲಸವಾಗಿ ತಿರುಗಿಸಿ. ‘ಮಧ್ಯೆ ಬಾಯಿ ಹಾಕುತ್ತಾರೆ’ ಎಂಬ ದೂರು ‘ಮಾತು ಮುಗಿಯುವ ತನಕ ಕಾಯುತ್ತೇವೆ’ ಎಂದಾಗಲಿ. ನಾಲ್ಕೈದು ನಿಯಮ ಸಾಕು. ಹದಿನೈದಾದರೆ ಶಿಕ್ಷಕರಿಗೇ ನೆನಪಿರುವುದಿಲ್ಲ. ಶಿಕ್ಷಕರನ್ನೂ ಕಟ್ಟಿಹಾಕುವ ಒಂದು ನಿಯಮ ಅದರಲ್ಲಿರಲಿ. ‘ಯಾರನ್ನೂ ಅಡ್ಡಹೆಸರಿನಿಂದ ಕರೆಯುವುದಿಲ್ಲ’ ಎಂದು ಬರೆಸಿದವರು ತಾವೇ ‘ಏ ಸೋಂಬೇರಿ’ ಎಂದರೆ ಆ ಹಾಳೆ ಅಂದಿಗೇ ರದ್ದಿ.

ಹೆಜ್ಜೆ 2: ಆಡಿ ತೋರಿಸಿ

ಬರೆದ ನಿಯಮವನ್ನು ಮೊದಲ ಎರಡು ವಾರ ದಿನಕ್ಕೆ ಐದು ನಿಮಿಷ ಅಭ್ಯಾಸ ಮಾಡಿಸಿ. ಇಬ್ಬರು ಮಕ್ಕಳು ಭಿನ್ನಾಭಿಪ್ರಾಯವನ್ನು ಒರಟಾಗಿ ಹೇಳಿ ತೋರಿಸಲಿ, ಆಮೇಲೆ ಅದನ್ನೇ ಮರ್ಯಾದೆಯಿಂದ ಹೇಳಲಿ. ಒರಟು ಪಾತ್ರಕ್ಕೆ ಎಲ್ಲರೂ ಮುಗಿಬೀಳುತ್ತಾರೆ, ಬೀಳಲಿ ಬಿಡಿ.

ಹೆಜ್ಜೆ 3: ಕಾಯುವುದನ್ನು ಕಲಿಯಿರಿ

ಇದು ಶಿಕ್ಷಕರಿಗೆ ಹೇಳಿದ ಹೆಜ್ಜೆ. ಅಮೆರಿಕದ ವಿಜ್ಞಾನ ಶಿಕ್ಷಣ ತಜ್ಞೆ ಮೇರಿ ಬಡ್ ರೋ ಅವರು ತರಗತಿಗಳ ಧ್ವನಿಮುದ್ರಣಗಳನ್ನು ಕೇಳಿ ಅಳೆದಾಗ, ಪ್ರಶ್ನೆ ಕೇಳಿದ ಶಿಕ್ಷಕರು ಸರಾಸರಿ ಸುಮಾರು ಒಂದು ಸೆಕೆಂಡಷ್ಟೇ ಕಾಯುತ್ತಿದ್ದುದು ಕಂಡುಬಂತು. ಅದನ್ನು ಮೂರು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನೆ ಕುಳಿತಿರುತ್ತಿದ್ದ ಮಕ್ಕಳೂ ಬಾಯಿ ಬಿಟ್ಟರು. 1970ರ ದಶಕದಲ್ಲಿ ಪ್ರಕಟವಾದ ಈ ಮಾತು ಇಂದಿಗೂ ಅನೇಕ ತರಗತಿಗಳಿಗೆ ತಲುಪಿಲ್ಲ ಎಂಬುದು ನನ್ನ ಅನುಮಾನ.

ಅವರು ಹೇಳಿದ ಎರಡನೆಯ ಕಾಯುವಿಕೆಯನ್ನು ನಾವು ಇನ್ನೂ ಹೆಚ್ಚಾಗಿ ಮರೆಯುತ್ತೇವೆ: ಮಗು ಉತ್ತರ ಹೇಳಿದ ಮೇಲೂ ಮೂರು ಸೆಕೆಂಡು ಸುಮ್ಮನಿರಬೇಕು. ಆ ಬಿಡುವಿನಲ್ಲಿ ಮಗು ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳಬಹುದು. ಇದನ್ನೇ ಇಡೀ ತರಗತಿಯ ನಿಯಮವನ್ನಾಗಿ ಮಾಡಿ: ಯಾರೇ ಉತ್ತರಿಸಲಿ, ಮೂರರವರೆಗೆ ಮನಸ್ಸಿನಲ್ಲಿ ಎಣಿಸಿ ಆಮೇಲೆ ಮಾತು. ಕಿಸಕ್ಕನೆ ಹೊರಡುವ ನಗುವಿಗೆ ಮೂರು ಸೆಕೆಂಡು ಬಹಳ ದೀರ್ಘ ಕಾಲ. ಅಷ್ಟರಲ್ಲಿ ಅದರ ಮೊನೆ ಮೊಂಡಾಗಿರುತ್ತದೆ.

ಹೆಜ್ಜೆ 4: ‘ಶಭಾಷ್’ನಿಂದ ಮುಂದೆ ಹೋಗಿ

‘ಗುಡ್’, ‘ಶಭಾಷ್’, ‘ಜಾಣ’ ಇವು ಚಿಲ್ಲರೆಯಂತೆ ಕೈಬದಲಾಗುವ ಪದಗಳು. ‘ಜಾಣ’ ಎಂಬುದಕ್ಕಂತೂ ಒಂದು ಅಪಾಯವಿದೆ. ಮನೋವಿಜ್ಞಾನಿಗಳಾದ ಕ್ಲಾಡಿಯಾ ಮ್ಯುಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಐದನೆಯ ತರಗತಿಯ ಕೆಲವು ಮಕ್ಕಳ ಬುದ್ಧಿವಂತಿಕೆಯನ್ನು, ಇನ್ನು ಕೆಲವರ ಶ್ರಮವನ್ನು ಹೊಗಳಿದ್ದರು. ಕಠಿಣ ಪ್ರಶ್ನೆಗಳಲ್ಲಿ ಸೋತ ಮೇಲೆ ಬುದ್ಧಿವಂತರೆನಿಸಿಕೊಂಡವರು ಬೇಗ ಕೈಚೆಲ್ಲಿದರು. ಗಳಿಸಿದ ಅಂಕವನ್ನು ಹೆಚ್ಚಿಸಿ ಹೇಳಿದವರೂ ಅವರಲ್ಲೇ ಹೆಚ್ಚು. ಜಾಣನೆಂಬ ಪಟ್ಟ ಸಿಕ್ಕಿದ ಮೇಲೆ ಅದನ್ನು ಕಾಪಾಡಿಕೊಳ್ಳುವ ಚಿಂತೆಯೂ ಸಿಕ್ಕಿತಲ್ಲ!

ಮಕ್ಕಳಿಗೆ ಕಂಡದ್ದನ್ನು ಹೇಳುವುದನ್ನು ಕಲಿಸಿ. ‘ನೀನು ಎರಡು ಸಲ ಅಳಿಸಿ ಮತ್ತೆ ಬರೆದೆ’, ‘ನಿನ್ನ ಚಿತ್ರ ನೋಡಿದ ಮೇಲೆ ನನಗೆ ಈ ಲೆಕ್ಕ ಅರ್ಥವಾಯಿತು’. ಹೀಗೆ ಹೇಳಬೇಕಾದರೆ ಎದುರಿನವರನ್ನು ನಿಜವಾಗಿ ನೋಡಿರಬೇಕು.

ಹೆಜ್ಜೆ 5: ಒಳ್ಳೆಯ ಚಾಡಿ

‘ಟೀಚರ್, ಇವನು ನನ್ನ ಪೆನ್ಸಿಲ್ ಮುರಿದ!’ ಚಾಡಿ ಹೇಳುವುದರಲ್ಲಿ ಮಕ್ಕಳಿಗೆ ಯಾರೂ ತರಬೇತಿ ಕೊಡಬೇಕಿಲ್ಲ. ಈ ಉತ್ಸಾಹವನ್ನೇ ಮಗುಚಿ ಹಾಕುವ ಒಂದು ಪದ್ಧತಿಯುಂಟು. ಇಂಗ್ಲಿಷಿನಲ್ಲಿ ಚಾಡಿಗೆ ಟ್ಯಾಟ್ಲಿಂಗ್ ಎನ್ನುವುದನ್ನು ತುಸು ತಿರುಚಿ, ಇದಕ್ಕೆ ಟೂಟ್ಲಿಂಗ್ ಎಂದು ಹೆಸರಿಟ್ಟಿದ್ದಾರೆ. ಸಹಪಾಠಿ ಮಾಡಿದ ಸಹಾಯವನ್ನು ಕಂಡವರು ಪುಟ್ಟ ಚೀಟಿಯಲ್ಲಿ ಬರೆದು ಡಬ್ಬಕ್ಕೆ ಹಾಕುತ್ತಾರೆ: ಯಾರು, ಯಾರಿಗೆ, ಏನು ಮಾಡಿದರು. ದಿನದ ಕೊನೆಗೆ ಶಿಕ್ಷಕರು ಕೆಲವನ್ನು ಓದಿ, ಒಟ್ಟು ಎಷ್ಟು ಚೀಟಿ ಬಂದವೆಂದು ಎಲ್ಲರಿಗೂ ಕಾಣುವಂತೆ ಗುರುತು ಹಾಕುತ್ತಾರೆ.

ಎಣಿಕೆ ಇಡೀ ತರಗತಿಯದಾಗಿರಬೇಕು, ಒಬ್ಬೊಬ್ಬರದಲ್ಲ. ಯಾರಿಗೆ ಹೆಚ್ಚು ಚೀಟಿ ಎಂಬ ಸ್ಪರ್ಧೆ ಶುರುವಾದರೆ ‘ನೀನು ನನ್ನದು ಬರೆ, ನಾನು ನಿನ್ನದು ಬರೆಯುತ್ತೇನೆ’ ಎಂಬ ವ್ಯಾಪಾರ ಮರುದಿನವೇ ಕುದುರುತ್ತದೆ. ಬಹುಮಾನವೂ ಬೇಕಿಲ್ಲ. ಚಿತ್ರ ಬರೆದರೆ ಪ್ರಶಸ್ತಿಪತ್ರ ಕೊಡುತ್ತೇವೆಂದು ಮೊದಲೇ ಹೇಳಿ ಬರೆಸಿದ ಪುಟಾಣಿಗಳು ಮುಂದೆ ತಾವಾಗಿ ಚಿತ್ರ ಬರೆಯುವುದನ್ನು ಕಡಿಮೆ ಮಾಡಿದ್ದು 1973ರ ಒಂದು ಪ್ರಸಿದ್ಧ ಅಧ್ಯಯನದಲ್ಲಿ ದಾಖಲಾಗಿದೆ. ಒಟ್ಟು ಇಷ್ಟು ಚೀಟಿ ಎಂದು ತರಗತಿಗೆ ಇಟ್ಟುಕೊಂಡ ಗುರಿ ತಲುಪಿದ ದಿನ ಎಲ್ಲರೂ ಸೇರಿ ಒಂದು ಆಟ ಆಡಿದರೆ ಸಾಕು.

ಹೆಜ್ಜೆ 6: ಒಬ್ಬರ ತುಣುಕು ಇನ್ನೊಬ್ಬರಿಗೆ ಬೇಕಾಗಲಿ

1971ರಲ್ಲಿ ಅಮೆರಿಕದ ಟೆಕ್ಸಾಸಿನ ಆಸ್ಟಿನ್ ನಗರದಲ್ಲಿ, ಅಲ್ಲಿಯವರೆಗೆ ಬೇರೆಬೇರೆಯಾಗಿ ಓದುತ್ತಿದ್ದ ಬಿಳಿಯ, ಕಪ್ಪು ಮತ್ತು ಮೆಕ್ಸಿಕನ್ ಮೂಲದ ಮಕ್ಕಳು ಒಂದೇ ತರಗತಿಗೆ ಬಂದಾಗ ಜಗಳಗಳು ಎದ್ದವು. ಮನೋವಿಜ್ಞಾನಿ ಎಲಿಯಟ್ ಆರನ್ಸನ್ ಮತ್ತು ಅವರ ವಿದ್ಯಾರ್ಥಿಗಳು ಸಾಮರಸ್ಯದ ಭಾಷಣ ಮಾಡಲಿಲ್ಲ, ಪಾಠ ನಡೆಸುವ ಕ್ರಮವನ್ನೇ ಬದಲಿಸಿದರು. ಐದಾರು ಮಕ್ಕಳ ಗುಂಪು ಮಾಡಿ, ಪಾಠವನ್ನು ಅಷ್ಟೇ ತುಣುಕುಗಳಾಗಿ ಹಂಚಿದರು. ಒಂದೇ ತುಣುಕು ಸಿಕ್ಕಿದವರು ಬೇರೆ ಬೇರೆ ಗುಂಪುಗಳಿಂದ ಬಂದು ಒಟ್ಟಿಗೆ ಕುಳಿತು ಅದನ್ನು ಅರಗಿಸಿಕೊಂಡು, ತಂತಮ್ಮ ಗುಂಪಿಗೆ ಮರಳಿ ಉಳಿದವರಿಗೆ ಕಲಿಸಬೇಕು. ಪರೀಕ್ಷೆ ಮಾತ್ರ ಇಡೀ ಪಾಠದ ಮೇಲೆ. ತೊದಲುವವನನ್ನು ಗೇಲಿ ಮಾಡಿದರೆ ಅವನ ತುಣುಕು ತನಗೇ ಸಿಗುವುದಿಲ್ಲ ಎಂದು ಹೊಳೆದ ಮಕ್ಕಳು ಗೇಲಿ ಬಿಟ್ಟು ಅವನಿಗೆ ಪ್ರಶ್ನೆ ಕೇಳತೊಡಗಿದರು.

ವಾರಕ್ಕೊಂದು ಪಾಠ ಹೀಗೆ ನಡೆದರೂ ಸಾಕು. ಗುಂಪನ್ನು ನೀವೇ ಮಾಡಿ. ಮಕ್ಕಳ ಆಯ್ಕೆಗೆ ಬಿಟ್ಟರೆ ಕೊನೆಗೆ ಯಾರಿಗೂ ಬೇಡವಾಗಿ ನಿಂತವನ ಸಂಕಟಕ್ಕೆ ನೀವೇ ಹೊಣೆ.

ಹೆಜ್ಜೆ 7: ತಪ್ಪಿದಾಗ

ಇಷ್ಟೆಲ್ಲ ಆದ ಮೇಲೂ ಒಬ್ಬ ಇನ್ನೊಬ್ಬನನ್ನು ಹೀಯಾಳಿಸುತ್ತಾನೆ. ಆ ಕ್ಷಣದಲ್ಲಿ ಒಂದೇ ವಾಕ್ಯ: ‘ನಮ್ಮ ನಿಯಮ ಹಾಗಿಲ್ಲ.’ ಅಲ್ಲಿಗೆ ನಿಲ್ಲಿಸಿ, ಪಾಠ ಮುಂದುವರಿಸಿ. ಬಿಡುವಿನಲ್ಲಿ ಅವನೊಬ್ಬನನ್ನೇ ಕರೆದು ಏನಾಯಿತು, ಯಾರಿಗೆ ನೋವಾಯಿತು, ಸರಿಪಡಿಸಲು ನೀನು ಏನು ಮಾಡುವೆ ಎಂದು ಕೇಳಿ. ಎಲ್ಲರೆದುರು ಬಲವಂತವಾಗಿ ಹೇಳಿಸಿದ ‘ಸಾರಿ’ ಹಲ್ಲುಗಳ ನಡುವೆಯೇ ಸಿಕ್ಕಿಕೊಂಡಿರುತ್ತದೆ. ಒಂದೇ ಮಗುವನ್ನು ಹಲವರು ಪದೇಪದೇ ಗುರಿ ಮಾಡುತ್ತಿದ್ದರೆ ಅದು ನಿಯಮಭಂಗವಲ್ಲ, ಕಿರುಕುಳ. ಅಲ್ಲಿ ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಿಸಲು ಹೋಗದೆ ಮೊದಲು ಆ ಮಗುವಿಗೆ ರಕ್ಷಣೆ ಕೊಡಿ, ಮುಖ್ಯ ಶಿಕ್ಷಕರಿಗೂ ಪೋಷಕರಿಗೂ ತಿಳಿಸಿ.

ನಾಲ್ಕನೆಯ ವಾರ ಹಾಜರಿ ಪುಸ್ತಕ ತೆರೆದು, ಇದುವರೆಗೆ ಚೀಟಿಗಳಲ್ಲಿ ಕಾಣಿಸಿದ ಹೆಸರುಗಳ ಮುಂದೆ ಗುರುತು ಹಾಕಿ. ಕೆಲವು ಹೆಸರುಗಳು ಖಾಲಿ ಉಳಿದಿರುತ್ತವೆ. ಅಯ್ಯೋ ಪಾಪ ಎಂದು ನೀವೇ ಸುಳ್ಳು ಚೀಟಿ ಬರೆದು ಹಾಕಬೇಡಿ, ಅಕ್ಷರ ನೋಡಿಯೇ ಮಕ್ಕಳು ಕಂಡುಹಿಡಿಯುತ್ತಾರೆ. ಆ ಮಕ್ಕಳ ಜಾಗ ಬದಲಿಸಿ, ಮುಂದಿನ ಗುಂಪು ಪಾಠದಲ್ಲಿ ಅವರಿಗೆ ಚೆನ್ನಾಗಿ ಗೊತ್ತಿರುವ ತುಣುಕನ್ನೇ ಕೊಡಿ. ಮುಂದಿನ ವಾರ ಡಬ್ಬ ತೆರೆದಾಗ ಆ ಹೆಸರುಗಳನ್ನೇ ಮೊದಲು ಹುಡುಕಿ.