ಹಣ್ಣುನೊಣದ ವರ್ಣತಂತು: ಸ್ಲೈಡ್ ಕೆಡದಂತೆ ಮಾಡುವುದು ಹೇಗೆ?

ಬಿ.ಎಸ್ಸಿ. ಕೊನೆಯ ವರ್ಷದ ಸೈಟೋಜೆನೆಟಿಕ್ಸ್ ಪ್ರಾಕ್ಟಿಕಲ್‌ನಲ್ಲಿ ಒಂದು ಮಾತು ಲ್ಯಾಬ್ ತುಂಬ ಕೇಳಿಸುತ್ತದೆ: ‘ಮೇಡಂ, ನನಗೆ ಏನೂ ಕಾಣ್ತಿಲ್ಲ.’ ಹಣ್ಣುನೊಣದ ಮರಿಹುಳುವಿನ ಜೊಲ್ಲುಗ್ರಂಥಿಯಿಂದ ಪಾಲಿಟೀನ್ ವರ್ಣತಂತು, ಅಂದರೆ ನೂರಾರು ಎಳೆ ಸೇರಿ ದಪ್ಪಗಾದ ಕ್ರೋಮೋಸೋಮ್, ತೆಗೆದು ತೋರಿಸುವ ಪ್ರಯೋಗ ಅದು. ಈರುಳ್ಳಿ ಬೇರಿನ ಸ್ಲೈಡ್ ಚೆನ್ನಾಗಿ ಮಾಡಿದವರೂ ಇಲ್ಲಿ ಸೋಲುತ್ತಾರೆ. ನನ್ನ ಕೈಗೆ ಇದು ಆಗಲ್ಲ ಅಂತ ಕುಗ್ಗಿ ಹೋಗುತ್ತಾರೆ. ವರ್ಷಗಟ್ಟಲೆ ಪಕ್ಕದಲ್ಲಿ ನಿಂತು ನೋಡಿದ್ದೇನೆ, ಇದು ಎಲ್ಲರ ಕೈಗೂ ಆಗುತ್ತದೆ. ಸ್ಲೈಡ್ ಕೆಡುವುದು ಎರಡೇ ಕಡೆ. ಒಂದು, ವಾರದ ಹಿಂದೆ ಬಾಟಲಿಯಲ್ಲಿ. ಇನ್ನೊಂದು, ಕೊನೆಯ ಹತ್ತು ಸೆಕೆಂಡಿನಲ್ಲಿ ಹೆಬ್ಬೆರಳಿನ ಕೆಳಗೆ.

ಇಷ್ಟು ಕಷ್ಟಪಡುವುದು ಯಾಕೆ? ಬೇರೆ ಕೋಶಗಳಲ್ಲಿ ವರ್ಣತಂತು ಕಾಣಬೇಕಾದರೆ ಆ ಕೋಶ ವಿಭಜನೆ ಆಗುತ್ತಿರುವಾಗಲೇ ಹಿಡಿಯಬೇಕು. ಕಂಡರೂ ಅದು ಸಣ್ಣ ಕಡ್ಡಿಚೂರು. ಜೊಲ್ಲುಗ್ರಂಥಿಯ ಕೋಶಗಳು ಹಾಗಲ್ಲ. ಅವು ವಿಭಜನೆ ಆಗುವುದೇ ಇಲ್ಲ, ಆದರೆ ಡಿಎನ್‌ಎ ಮಾತ್ರ ನಕಲಾಗುತ್ತಲೇ ಇರುತ್ತದೆ. ಎರಡು, ನಾಲ್ಕು, ಎಂಟು ಅಂತ ಸುಮಾರು ಹತ್ತು ಸುತ್ತು. ಅಷ್ಟಾದಾಗ 1,024 ಎಳೆ. ಎಲ್ಲವೂ ಒಂದಕ್ಕೊಂದು ಅಂಟಿಕೊಂಡು ದಪ್ಪ ಹಗ್ಗದ ಹಾಗೆ ನಿಲ್ಲುತ್ತವೆ. ಅದರ ಮೇಲೆ ಕಪ್ಪು-ಬಿಳಿ ಅಡ್ಡಪಟ್ಟೆಗಳು. 1881ರಲ್ಲಿ ಬಾಲ್ಬಿಯಾನಿ ಇಂಥ ವರ್ಣತಂತುವನ್ನು ಕೈರೊನೊಮಸ್ ಎಂಬ ಕೀಟದ ಮರಿಹುಳುವಿನಲ್ಲಿ ಮೊದಲು ಕಂಡರು. 1933ರಲ್ಲಿ ಪೇಂಟರ್ ಹಣ್ಣುನೊಣದಲ್ಲಿ ತೋರಿಸಿದರು. 1935ರಲ್ಲಿ ಬ್ರಿಡ್ಜಸ್ ಪಟ್ಟೆಗಳಿಗೆ ನಂಬರ್ ಕೊಟ್ಟು ನಕ್ಷೆ ಮಾಡಿದರು. ಅದೇ ನಕ್ಷೆ ಇವತ್ತಿಗೂ ಬಳಕೆಯಲ್ಲಿದೆ. ಪುಸ್ತಕದಲ್ಲಿ ಓದಿದ ಜೀನ್ ಎಲ್ಲಿ ಕೂತಿದೆ ಅಂತ ಮಾಮೂಲಿ ಮೈಕ್ರೋಸ್ಕೋಪಿನಲ್ಲಿ ಬೆರಳಿಟ್ಟು ತೋರಿಸಬಹುದು. ಇಂಥ ಅವಕಾಶ ಡಿಗ್ರಿಯ ಇನ್ನಾವ ಪ್ರಯೋಗದಲ್ಲೂ ನಾನು ಕಂಡಿಲ್ಲ.

ಹಂತ 1: ಹುಳು ಬೆಳೆಸಿ

ಹುಳು ದಪ್ಪಗಿದ್ದರೆ ಗ್ರಂಥಿ ದೊಡ್ಡದು. ಗ್ರಂಥಿ ದೊಡ್ಡದಿದ್ದರೆ ವರ್ಣತಂತು ದಪ್ಪ. ಹಸಿದ ಹುಳುವಿನಿಂದ ಒಳ್ಳೆಯ ಸ್ಲೈಡ್ ಮಾಡಿದವರನ್ನು ನಾನು ನೋಡಿಲ್ಲ.

ನೊಣಕ್ಕೆ ಊಟ ನಮ್ಮ ಅಡುಗೆಮನೆಯದೇ. ಒಂದು ಲೀಟರ್ ನೀರಿಗೆ 100 ಗ್ರಾಂ ಬೆಲ್ಲ, 100 ಗ್ರಾಂ ಗೋಧಿ ರವೆ, 10 ಗ್ರಾಂ ಅಗರ್. ಗಂಟಾಗದಂತೆ ತಿರುವುತ್ತಾ ಬೇಯಿಸಿ, ಇಳಿಸಿದ ಮೇಲೆ ಬೂಷ್ಟು ಬಾರದಿರಲು 7.5 ಮಿ.ಲೀ. ಪ್ರೊಪಿಯಾನಿಕ್ ಆಸಿಡ್. ಬಾಟಲಿಗೆ ಸುರಿದು ಆರಿದ ಮೇಲೆ ಮೇಲಿಂದ ಯೀಸ್ಟ್. ಯೀಸ್ಟಿನಲ್ಲಿ ಜಿಪುಣತನ ಬೇಡ. ಹುಳು ನಿಜವಾಗಿ ತಿಂದು ಬೆಳೆಯುವುದು ಅದನ್ನೇ.

ಒಂದು ಬಾಟಲಿಗೆ ಹದಿನೈದು-ಇಪ್ಪತ್ತು ಜೋಡಿ ನೊಣ ಬಿಡಿ. ಒಂದು ದಿನ ಮೊಟ್ಟೆ ಇಡಲಿ. ಮರುದಿನ ದೊಡ್ಡ ನೊಣಗಳನ್ನು ಬೇರೆ ಬಾಟಲಿಗೆ ದಾಟಿಸಿ. ಈ ದಾಟಿಸುವ ಕೆಲಸವನ್ನೇ ಎಲ್ಲರೂ ಮರೆಯುವುದು. ನಾಲ್ಕೈದು ದಿನ ಬಿಟ್ಟು ನೋಡಿದರೆ ಬಾಟಲಿ ತುಂಬ ನೂರಾರು ಹುಳು, ಎಲ್ಲವೂ ಬಡಕಲು. ಬಾಟಲಿಯನ್ನು ಲ್ಯಾಬಿನ ತಂಪು ಮೂಲೆಯಲ್ಲಿಡಿ. 25 ಡಿಗ್ರಿಯಲ್ಲಿ ಮೊಟ್ಟೆ ನೊಣವಾಗಲು ಸುಮಾರು 10 ದಿನ ಸಾಕು, 18 ಡಿಗ್ರಿಯಲ್ಲಿ ಹೆಚ್ಚುಕಡಿಮೆ ಅದರ ಎರಡರಷ್ಟು ಬೇಕು. ಆದರೆ ನಿಧಾನವಾಗಿ ಬೆಳೆದ ಹುಳುವೇ ದಪ್ಪ. ಇನ್‌ಕ್ಯುಬೇಟರ್ ಇದ್ದರೆ ನಾನು 18ಕ್ಕೇ ಇಡುತ್ತೇನೆ.

ಇನ್ನೊಂದು ಮಾತು. ಮನೆಯ ಬಾಳೆಹಣ್ಣಿನ ಬುಟ್ಟಿಯಿಂದ ನೊಣ ಹಿಡಿದು ತರಬೇಡಿ. ನಮ್ಮ ಮನೆಗಳ ಸುತ್ತ ಹಾರಾಡುವುದು ಎಷ್ಟೋ ಸಲ ಡ್ರೊಸೊಫಿಲಾ (ಹಣ್ಣುನೊಣ) ಅನನಾಸೆ ಎಂಬ ಜಾತಿ, ಪಾಠದಲ್ಲಿರುವ ಮೆಲನೊಗ್ಯಾಸ್ಟರ್ ಜಾತಿ ಅಲ್ಲ. ಬ್ರಿಡ್ಜಸ್ ನಕ್ಷೆ ಅದಕ್ಕೆ ಹೊಂದುವುದೇ ಇಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಡ್ರೊಸೊಫಿಲಾ ಸ್ಟಾಕ್ ಸೆಂಟರ್ ಇದೆ. ಇಂಥ ಕಡೆಯಿಂದ ಬಂದ, ಹೆಸರು ಖಚಿತವಾಗಿರುವ ನೊಣವನ್ನೇ ಬಳಸಿ.

ಹಂತ 2: ಹುಳು ಆರಿಸಿ

ಊಟ ಬಿಟ್ಟು ಬಾಟಲಿ ಗೋಡೆ ಹತ್ತುತ್ತಿರುವ, ಇನ್ನೂ ನಿಧಾನವಾಗಿ ಹರಿದಾಡುತ್ತಿರುವ ಮೂರನೇ ಹಂತದ ಲಾರ್ವಾ (ಮರಿಹುಳು) ಬೇಕು. ಗಿಡ್ಡವಾಗಿ ಅಲುಗಾಡದೆ ಅಂಟಿಕೊಂಡದ್ದು ಪ್ಯೂಪಾ (ಗೂಡುಹುಳು) ಆಗಲು ಹೊರಟಿದೆ, ಅದನ್ನು ಬಿಡಿ. ಹುಳುವಿನ ಮೈಯ ಹಿಂಭಾಗದ ಎರಡೂ ಬದಿಯಲ್ಲಿ ದೊಡ್ಡ ತಿಳಿ ಚುಕ್ಕೆ ಕಂಡರೆ ಗಂಡು. ನಾನು ಹೆಣ್ಣನ್ನೇ ಆರಿಸುತ್ತೇನೆ. ಗಂಡಿನಲ್ಲಿ ಒಂದೇ ಎಕ್ಸ್ ವರ್ಣತಂತು ಇರುವುದರಿಂದ ಅದು ಪೇಲವವಾಗಿ ಕಾಣುತ್ತದೆ, ಮೊದಲ ಸಲ ನೋಡುವವರಿಗೆ ಗೊಂದಲ. ಸ್ಲೈಡ್‌ಗೆ ಒಂದು ಹುಳು ಸಾಕು. ಕೆಟ್ಟರೆ ಇನ್ನೊಂದು. ಬೊಗಸೆ ತುಂಬ ಹುಳು ತೆಗೆದು ಸಾಯಿಸುವುದು ಬೇಡ.

ಹಂತ 3: ಗ್ರಂಥಿ ಹೊರತೆಗೆಯಿರಿ

ಸ್ಲೈಡ್ ಮೇಲೆ ಒಂದು ಹನಿ ಸಲೈನ್. 100 ಮಿ.ಲೀ. ನೀರಿಗೆ 0.7 ಗ್ರಾಂ ಉಪ್ಪು, ಅಷ್ಟೇ. ಬರೀ ನೀರು ಹಾಕಿದರೆ ಕೋಶ ನೀರು ಕುಡಿದು ಊದಿಕೊಳ್ಳುತ್ತದೆ. ಎಡಗೈ ಸೂಜಿಯನ್ನು ಹುಳುವಿನ ನಡುಭಾಗದ ಮೇಲೆ ಒತ್ತಿ ಹಿಡಿಯಿರಿ. ಬಲಗೈ ಸೂಜಿಯನ್ನು ಬಾಯಿಯ ಕಪ್ಪು ಕೊಕ್ಕೆಯ ಹಿಂದೆಯೇ ಊರಿ, ಒಂದೇ ಎಳೆತಕ್ಕೆ ಮುಂದಕ್ಕೆ ಎಳೆಯಿರಿ. ಜಗ್ಗಿ ಜಗ್ಗಿ ಎಳೆದರೆ ಗ್ರಂಥಿ ಒಳಗೇ ಹರಿದು ಉಳಿಯುತ್ತದೆ.

ತಲೆಯ ಜೊತೆ ಕರುಳು, ಮೆದುಳು, ಗ್ರಂಥಿ ಎಲ್ಲ ಒಟ್ಟಿಗೆ ಬರುತ್ತವೆ. ಇಲ್ಲೇ ಕಣ್ಣು ಮೋಸ ಹೋಗುವುದು. ಬೆಳ್ಳಗೆ ಎದ್ದು ಕಾಣುವುದು ಕೊಬ್ಬು. ಎಷ್ಟೋ ಜನ ಅದನ್ನೇ ಗ್ರಂಥಿ ಅಂದುಕೊಂಡು ಬಣ್ಣ ಹಾಕಿ ಅರ್ಧ ಗಂಟೆ ಕಾಯುತ್ತಾರೆ. ಎರಡು ದುಂಡು ಉಂಡೆ ಇದ್ದರೆ ಅದು ಮೆದುಳು. ಜೊಲ್ಲುಗ್ರಂಥಿ ಗಾಜಿನಷ್ಟು ತಿಳಿ. ಉದ್ದನೆಯ ಎರಡು ಚೀಲ, ಮುಂದೆ ಒಂದೇ ನಾಳಕ್ಕೆ ಸೇರಿರುತ್ತವೆ. ಒಳಗಿನ ಕೋಶಗಳು ಸಬ್ಬಕ್ಕಿ ಬೆಂದ ಹಾಗೆ ಒಂದೊಂದಾಗಿ ಕಾಣುತ್ತವೆ. ಅದು ಸಿಗದಿದ್ದರೆ ಸ್ಟೀರಿಯೊ ಮೈಕ್ರೋಸ್ಕೋಪಿನ ಬೆಳಕು ಕಡಿಮೆ ಮಾಡಿ, ಕೆಳಗೆ ಕಪ್ಪು ಕಾಗದ ಇಡಿ. ಗ್ರಂಥಿಯ ಒಂದು ಬದಿಗೆ ಕೊಬ್ಬಿನ ಪಟ್ಟಿ ಅಂಟಿರುತ್ತದೆ. ಅದನ್ನು ಸೂಜಿಯಿಂದ ಬಿಡಿಸಿ. ಬಿಡಿಸದೆ ಒತ್ತಿದರೆ ಎಣ್ಣೆ ಹನಿಗಳು ಸ್ಲೈಡ್ ತುಂಬ ಹರಡುತ್ತವೆ.

ಮಧ್ಯೆ ಗ್ರಂಥಿ ಒಣಗಲು ಬಿಡಬೇಡಿ. ಒಣಗಿದ ಮೇಲೆ ಏನು ಮಾಡಿದರೂ ಸರಿಹೋಗುವುದಿಲ್ಲ.

ಹಂತ 4: ಆಸಿಡ್, ಬಣ್ಣ

ಗ್ರಂಥಿಯನ್ನು 1 ನಾರ್ಮಲ್ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಎರಡು-ಮೂರು ನಿಮಿಷ ಇಡಿ, ಬೆಳ್ಳಗಾಗುತ್ತದೆ. ಆಮೇಲೆ 2 ಪರ್ಸೆಂಟ್ ಲ್ಯಾಕ್ಟೋ ಅಸಿಟೋ ಓರ್ಸೀನ್‌ನಲ್ಲಿ ಅರ್ಧ ಗಂಟೆ. ಬಣ್ಣವನ್ನು ಅದೇ ದಿನ ಬೆಳಿಗ್ಗೆ ಫಿಲ್ಟರ್ ಮಾಡಿರಬೇಕು. ಅಗ್ಗದ ಓರ್ಸೀನ್ ಪುಡಿಯಿಂದ ಮಾಡಿದ ಬಣ್ಣ ಒಮ್ಮೆ ನಮ್ಮ ಇಡೀ ಬ್ಯಾಚ್‌ನ ಸ್ಲೈಡ್ ಹಾಳು ಮಾಡಿತ್ತು. ಎಲ್ಲಿ ನೋಡಿದರೂ ಕೆಂಪು ಮರಳು. ಪುಡಿಯಲ್ಲಿ ದುಡ್ಡು ಉಳಿಸಬೇಡಿ. ಆಸಿಡ್ ತೆಳು ಮಾಡುವಾಗ ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರಲ್ಲ. ಕಿಟಕಿ ತೆರೆದಿರಲಿ.

ಹುಳುವನ್ನೇ ಇಡಿಯಾಗಿ ಬಣ್ಣದಲ್ಲಿ ಮುಳುಗಿಸಿಬಿಟ್ಟರೆ ಸಾಕು ಅಂತ ಸೀನಿಯರ್‌ಗಳು ಒಂದು ಅಡ್ಡದಾರಿ ಹೇಳಿಕೊಡುತ್ತಾರೆ. ಆಗಲ್ಲ. ಹುಳುವಿನ ಚರ್ಮ ಬಣ್ಣ ಒಳಗೆ ಬಿಡುವುದಿಲ್ಲ.

ಹಂತ 5: ತಟ್ಟಿ, ಆಮೇಲೆ ಒತ್ತಿ

ಇಲ್ಲಿ ಅವಸರ ಬೇಡ. ಈ ಒಂದು ಹಂತಕ್ಕೆ ಉಳಿದ ಎಲ್ಲಕ್ಕಿಂತ ಜಾಸ್ತಿ ಸಮಯ ಕೊಡಿ.

ಮೊದಲು ದ್ರವದ ಅಳತೆ. ಶುಚಿಯಾದ ಸ್ಲೈಡ್ ಮೇಲೆ 45 ಪರ್ಸೆಂಟ್ ಅಸಿಟಿಕ್ ಆಸಿಡ್‌ನ ಒಂದೇ ಸಣ್ಣ ಹನಿ. ಗ್ರಂಥಿ ಅದರೊಳಗೆ. ಹನಿ ದೊಡ್ಡದಾದರೆ ಮೇಲೆ ಮುಚ್ಚುವ ತೆಳು ಗಾಜು, ಅಂದರೆ ಕವರ್‌ಸ್ಲಿಪ್, ದೋಣಿಯ ಹಾಗೆ ತೇಲುತ್ತದೆ, ಎಷ್ಟು ಒತ್ತಿದರೂ ಒತ್ತಡ ಗ್ರಂಥಿಗೆ ಮುಟ್ಟುವುದಿಲ್ಲ. ತೀರಾ ಕಡಿಮೆಯಾದರೆ ಗಾಳಿಗುಳ್ಳೆ. ಕವರ್‌ಸ್ಲಿಪ್ ಅನ್ನು ಒಂದು ಅಂಚಿನಿಂದ ಓರೆಯಾಗಿ ಇಳಿಸಿ. ದಪ್ಪ ಕವರ್‌ಸ್ಲಿಪ್ ಬೇಡ. ನೂರು ಪಟ್ಟು ಲೆನ್ಸ್‌ನಲ್ಲಿ ಅದು ಫೋಕಸ್ ಆಗುವುದೇ ಇಲ್ಲ.

ಈಗ ನೇರವಾಗಿ ಹೆಬ್ಬೆರಳು ಊರುತ್ತಾರಲ್ಲ, ಅದೇ ದೊಡ್ಡ ತಪ್ಪು. ಕೋಶಕೇಂದ್ರದ ಪೊರೆ ಇನ್ನೂ ಒಡೆದಿರುವುದಿಲ್ಲ. ಆ ಸ್ಥಿತಿಯಲ್ಲಿ ಒತ್ತಿದರೆ ವರ್ಣತಂತುಗಳು ನೂಲಿನುಂಡೆಯ ಹಾಗೆ ಮುದ್ದೆಯಾಗಿಯೇ ಚಪ್ಪಟೆಯಾಗುತ್ತವೆ. ಮೊದಲು ತಟ್ಟಬೇಕು. ಸೂಜಿಯ ಮರದ ಹಿಡಿಕೆಯ ತುದಿಯಿಂದ, ಅಥವಾ ಪೆನ್ಸಿಲ್‌ನ ರಬ್ಬರ್ ತುದಿಯಿಂದ, ಗ್ರಂಥಿ ಇರುವ ಜಾಗದ ಮೇಲೆ ಮೆತ್ತಗೆ ಟಕ್ ಟಕ್ ಅಂತ ತಟ್ಟಿ. ನಡುವಿನಿಂದ ಶುರುಮಾಡಿ ಸುತ್ತ ಹೊರಗೆ ಬನ್ನಿ. ಆ ಹೊತ್ತಿಗೆ ಇನ್ನೊಂದು ಕೈಯ ಬೆರಳು ಕವರ್‌ಸ್ಲಿಪ್‌ನ ಮೂಲೆ ಹಿಡಿದಿರಬೇಕು. ಹತ್ತಿಪ್ಪತ್ತು ಸಲ ತಟ್ಟಿ, 10 ಪಟ್ಟು ಲೆನ್ಸ್ ಕೆಳಗೆ ಇಟ್ಟು ನೋಡಿ. ದುಂಡು ದುಂಡಾಗಿ ಕೆಂಪು ಚುಕ್ಕೆ ಕಂಡರೆ ಇನ್ನೂ ತಟ್ಟಬೇಕು. ಚುಕ್ಕೆಯಿಂದ ತೋಳುಗಳು ಹೊರಚಾಚಿದ್ದು ಕಂಡರೆ ನಿಲ್ಲಿಸಿ. ತಟ್ಟು, ನೋಡು, ತಟ್ಟು, ನೋಡು. ಲ್ಯಾಬ್‌ನಲ್ಲಿ ನಾನು ಎಲ್ಲರಿಂದಲೂ ಇದನ್ನೇ ಮಾಡಿಸುತ್ತೇನೆ.

ತೋಳು ಹರಡಿದ ಮೇಲೆ ಒತ್ತುವುದು. ಸ್ಲೈಡ್ ಅನ್ನು ಸಮತಟ್ಟಾದ ಮೇಜಿನ ಮೇಲಿಡಿ. ಬ್ಲಾಟಿಂಗ್ ಪೇಪರ್ ಎರಡು ಮಡಿಕೆ ಮಾಡಿ ಮೇಲೆ ಹೊದಿಸಿ. ಅಂಚನ್ನು ಎಡಗೈಯಿಂದ ಅಲುಗದಂತೆ ಹಿಡಿಯಿರಿ. ಬಲ ಹೆಬ್ಬೆರಳನ್ನು ಗ್ರಂಥಿಯ ನೇರ ಮೇಲೆ ಇಟ್ಟು, ಭುಜದ ಭಾರ ಬಿಟ್ಟು ಲಂಬವಾಗಿ ಒತ್ತಿ. ಮನಸ್ಸಿನಲ್ಲೇ ಹತ್ತು ಎಣಿಸಿ. ಬೆರಳು ಎತ್ತುವಾಗಲೂ ನೇರವಾಗಿ ಎತ್ತಿ. ಕವರ್‌ಸ್ಲಿಪ್ ಒಂದು ಕೂದಲೆಳೆಯಷ್ಟು ಪಕ್ಕಕ್ಕೆ ಸರಿದರೂ ವರ್ಣತಂತುಗಳು ಹೊಸೆದ ಬತ್ತಿಯ ಹಾಗೆ ತಿರುಚಿಕೊಳ್ಳುತ್ತವೆ, ಪಟ್ಟೆಗಳು ಅಳಿಸಿಹೋಗುತ್ತವೆ. ಕವರ್‌ಸ್ಲಿಪ್ ಒಡೆಯುತ್ತದೆ ಅನ್ನುವ ಭಯದಿಂದ ಹಗುರವಾಗಿ ಒತ್ತುವವರೇ ಹೆಚ್ಚು. ನೇರವಾಗಿ ಒತ್ತಿದರೆ ಅದು ಅಷ್ಟು ಸುಲಭವಾಗಿ ಒಡೆಯುವುದಿಲ್ಲ. ಒಡೆಯುವುದು ಬೆರಳು ಓರೆಯಾದಾಗ.

ಹಂತ 6: ಓದಿ

ನಡುವೆ ಗಾಢವಾದ ಒಂದು ಗಂಟು, ಅದು ಕ್ರೋಮೋಸೆಂಟರ್, ವರ್ಣತಂತುಗಳೆಲ್ಲ ಕೂಡಿಕೊಂಡ ಜಾಗ. ಅದರಿಂದ ಐದು ಉದ್ದ ತೋಳು, ಒಂದು ಚಿಕ್ಕ ಮೊಟಕು ತೋಳು ಹೊರಟಿರಬೇಕು. ಚಿಕ್ಕದು ನಾಲ್ಕನೇ ವರ್ಣತಂತು. ಆರು ಉದ್ದ ತೋಳು ಎಣಿಸಿದರೆ ನಿಮ್ಮ ನೊಣ ಅನನಾಸೆ ಇರಬಹುದು. ಅದರ ಎಕ್ಸ್‌ಗೆ ಎರಡು ತೋಳು.

ಬ್ರಿಡ್ಜಸ್ ನಕ್ಷೆಯಲ್ಲಿ ಎಕ್ಸ್‌ಗೆ 1ರಿಂದ 20, ಎರಡನೆಯದಕ್ಕೆ 21ರಿಂದ 60, ಮೂರನೆಯದಕ್ಕೆ 61ರಿಂದ 100, ನಾಲ್ಕನೆಯದಕ್ಕೆ 101 ಮತ್ತು 102. ಎಲ್ಲ ತೋಳನ್ನೂ ಗುರುತಿಸಲು ಹೋಗಬೇಡಿ. ಮೂರನೆಯದರ ಎಡತೋಳಿನ 74-75ರ ಬಳಿ ಎರಡು ಉಬ್ಬು ಹುಡುಕಿ. ಗೋಡೆ ಹತ್ತುವ ಹುಳು ಇನ್ನೇನು ಪ್ಯೂಪಾ ಆಗಬೇಕು ಅನ್ನುವಾಗ ಎಕ್ಡೈಸೋನ್ ಹಾರ್ಮೋನು ಏರುತ್ತದೆ. ಆಗ ಅಲ್ಲಿನ ಜೀನ್‌ಗಳು ಕೆಲಸಕ್ಕಿಳಿದು ಎಳೆ ಸಡಿಲವಾಗಿ ಊದಿಕೊಳ್ಳುತ್ತದೆ. ಜೀನ್ ಕೆಲಸ ಮಾಡುವುದನ್ನು ಕಣ್ಣಾರೆ ನೋಡುವುದು ಅಂದರೆ ಇದೇ ಅಲ್ವಾ!

ಸಮಯವಿದ್ದರೆ ಇನ್ನೊಂದು ಸ್ಲೈಡ್ ಮಾಡಿ. ಹುಳುವನ್ನು 37 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು, ಮೇಲಿನದೆಲ್ಲ ಹಾಗೇ ಮಾಡಿ. ಹಳೆಯ ಉಬ್ಬುಗಳು ಕುಗ್ಗಿ, ಮೂರನೆಯದರ ಬಲತೋಳಿನ 87ರಲ್ಲಿ ಹೊಸ ಉಬ್ಬುಗಳು ಎದ್ದಿರುತ್ತವೆ. ಬಿಸಿ ತಾಗಿದಾಗ ಹೀಗಾಗುವುದನ್ನು 1962ರಲ್ಲಿ ಮೊದಲು ಪ್ರಕಟಿಸಿದವರು ಇಟಲಿಯ ರಿಟೋಸಾ. ಹೀಟ್ ಶಾಕ್ ಪ್ರೋಟೀನ್‌ಗಳ ಪಾಠ ಶುರುವಾದದ್ದು ಇಂಥ ಸ್ಲೈಡ್‌ನಿಂದಲೇ. ಎರಡು ಸ್ಲೈಡ್ ಪಕ್ಕಪಕ್ಕ ಇಟ್ಟು ರೆಕಾರ್ಡ್‌ನಲ್ಲಿ ಚಿತ್ರ ಬರೆಯಿರಿ. ಪುಸ್ತಕದ ಚಿತ್ರ ನಕಲು ಮಾಡಬೇಡಿ, ಕಂಡದ್ದನ್ನೇ ಬರೆಯಿರಿ.

ಸ್ಲೈಡ್ ನಾಳೆಗೂ ಬೇಕಿದ್ದರೆ ಕವರ್‌ಸ್ಲಿಪ್‌ನ ನಾಲ್ಕೂ ಅಂಚಿಗೆ ಬಣ್ಣವಿಲ್ಲದ ನೇಲ್ ಪಾಲಿಶ್ ಹಚ್ಚಿ ಫ್ರಿಜ್‌ನಲ್ಲಿಡಿ. ಹಚ್ಚುವ ಮುಂಚೆ ಅಂಚಿನ ದ್ರವವನ್ನು ಬ್ಲಾಟಿಂಗ್ ಪೇಪರ್‌ನಿಂದ ಪೂರ್ತಿ ಹೀರಿಸಿ. ಒದ್ದೆ ಗಾಜಿಗೆ ಪಾಲಿಶ್ ಹಿಡಿಯುವುದಿಲ್ಲ.