ಸೋರುವ ಒಡ್ಡನ್ನು ಒಡೆಯದೆ ನಿಲ್ಲಿಸಿದ್ದು: ನನ್ನ ಅನುಭವ

ನಮ್ಮ ನೀರಿನ ಹೊಂಡದ ಸೋರುವ ಒಡ್ಡನ್ನು ಒಡೆದು ಹೊಸದಾಗಿ ಕಟ್ಟಬೇಕು, ಇಲ್ಲವೇ ತಳಕ್ಕೆಲ್ಲ ಪ್ಲಾಸ್ಟಿಕ್ ಹಾಳೆ ಹಾಸಬೇಕು ಎಂದು ನೋಡಲು ಬಂದವರೆಲ್ಲ ಹೇಳಿದ್ದರು. ಎರಡನ್ನೂ ಮಾಡದೆ, ಹಾಳೆಗೆ ಕೇಳಿದ್ದ ಮೊತ್ತದ ಸುಮಾರು ಮೂರನೇ ಒಂದು ಭಾಗದಲ್ಲಿ ನಾನು ಸೋರಿಕೆಯನ್ನು ನಿಲ್ಲಿಸಿದ್ದೇನೆ.

ಮೊದಲು ಹಣ ಹೋದದ್ದು ಸಿಮೆಂಟಿಗೆ. ಹೊರಬದಿಯಲ್ಲಿ ಒಸರುತ್ತಿದ್ದ ಜಾಗಕ್ಕೆ ಗಾರೆ ಮೆತ್ತಿಸಿದರೆ ನೀರು ಒಂದು ಮಾರು ಪಕ್ಕಕ್ಕೆ ಸರಿದು ಹೊರಬಿತ್ತು. ಹೊರಬಾಯಿಯನ್ನು ಮುಚ್ಚಿದರೆ ನೀರು ಒಡ್ಡಿನೊಳಗೇ ತುಂಬಿ ಹೊರಮೈ ಕುಸಿಯುವ ಅಪಾಯವೂ ಇದ್ದುದರಿಂದ ಅದನ್ನು ಕೀಳಿಸಿದೆ. ಆಮೇಲೆ ತುಂಬಿದ ನೀರಿನ ಮೇಲೆ ಬೆಂಟೊನೈಟ್ (ನೆನೆದರೆ ಉಬ್ಬಿ ಸಂದು ಮುಚ್ಚುವ ಒಂದು ಬಗೆಯ ಜೇಡಿ) ಪುಡಿ ಎರಚಿಸಿದ್ದಾಯಿತು. ಪುಡಿಯ ಹೊರಪದರ ಮಾತ್ರ ನೆನೆದು, ಒಳಗೆ ಒಣಗಿದ ಗಂಟುಗಳಾಗಿ ತಳ ಸೇರಿತು. ಬೆಂಟೊನೈಟ್ ಕೆಲಸಕ್ಕೆ ಬಾರದು ಎಂಬ ಮಾತು ಹುಟ್ಟುವುದೇ ಇಂಥ ಎರಚಾಟದಿಂದ.

ಒಸರು ತಿಳಿಯಾಗಿತ್ತು, ಕೆಸರಾಗಿರಲಿಲ್ಲ; ಅಂದರೆ ಒಡ್ಡಿನ ಮಣ್ಣು ಕೊಚ್ಚಿಹೋಗುತ್ತಿರಲಿಲ್ಲ. ಆದ್ದರಿಂದ ನೀರನ್ನು ಅವಸರಪಡದೆ ಇಳಿಸಲು ಸಮಯ ಸಿಕ್ಕಿತು (ಒಮ್ಮೆಲೇ ಇಳಿಸಿದರೆ ನೆನೆದ ಒಳಮೈ ಜಾರುತ್ತದೆ). ಒಳಬದಿಯ ಬುಡದಗುಂಟ ಕಂದಕ ತೋಡಿದಾಗ ಒಡ್ಡಿನ ಅಡಿಯಲ್ಲಿ ಕೊಳೆತ ಬೇರುಗಳ ಸಮೇತ ಕಪ್ಪು ಮೇಲ್ಮಣ್ಣು ಹಾಗೆಯೇ ಇತ್ತು. ಕಟ್ಟಿದವರು ಅದನ್ನು ಹೆರೆಯದೆ ಅದರ ಮೇಲೆಯೇ ಮಣ್ಣು ಸುರಿದಿದ್ದರು; ನೀರು ನುಸುಳುತ್ತಿದ್ದುದು ಆ ಪದರದಲ್ಲೇ. ಆ ಪದರವನ್ನು ಸೀಳಿ, ಗಟ್ಟಿ ಜೇಡಿಯೊಳಗೆ ಇನ್ನೂ ಅರ್ಧ ಮೀಟರಿನಷ್ಟು ಇಳಿದು, ಜೇಡಿಗೆ ತೂಕದಲ್ಲಿ ಹತ್ತರಲ್ಲಿ ಒಂದು ಪಾಲಿನಷ್ಟು ಸೋಡಿಯಂ ಬೆಂಟೊನೈಟ್ (ಕ್ಯಾಲ್ಸಿಯಂ ಬಗೆಗಿಂತ ಹೆಚ್ಚು ಉಬ್ಬುವಂಥದ್ದು) ಒಣದಾಗಿಯೇ ಬೆರೆಸಿ, ಬಳಿಕ ನೀರು ಚಿಮುಕಿಸಿ, ಹದಿನೈದು ಸೆಂಟಿಮೀಟರಿನ ಪದರಗಳಲ್ಲಿ ರ್‍ಯಾಮರಿನಿಂದ ಬಡಿಸಿದೆ. ಅದೇ ಮಿಶ್ರಣವನ್ನು ಒಡ್ಡಿನ ಒಳಮೈಗೆ ಮೆಟ್ಟಿಲು ಕಡಿದು ಮೇಲಕ್ಕೆ ಹತ್ತಿಸಿ, ಒಣಗಿ ಬಿರುಕು ಬಿಡದಂತೆ ಅದರ ಮೇಲೆ ಒಂದಡಿ ಸಾದಾ ಮಣ್ಣು ಹೊದಿಸಿದೆ.  

ಖರ್ಚಿನ ದೊಡ್ಡ ಪಾಲು ಯಂತ್ರದ ಗಂಟೆಗಳಿಗೆ ಹೋಯಿತು, ಬೆಂಟೊನೈಟಿಗೆ ಕಾಲುಭಾಗವೂ ಆಗಲಿಲ್ಲ. ಅಗ್ಗದ ಕ್ಯಾಲ್ಸಿಯಂ ಬೆಂಟೊನೈಟ್ ಸಾಕಾದೀತೇ ಎಂದು ನೋಡಲು, ತೂತಿನ ಬಕೆಟ್ಟುಗಳಲ್ಲಿ ಎರಡನ್ನೂ ಜೇಡಿಗೆ ಬೆರೆಸಿ ನೀರು ತುಂಬಿಸಿ ಮೊದಲೇ ಪರೀಕ್ಷಿಸಿದ್ದೆ: ಕ್ಯಾಲ್ಸಿಯಂ ಬೆರೆಸಿದ್ದು ಬೆಳಗಾಗುವುದರೊಳಗೆ ಬರಿದಾಯಿತು, ಸೋಡಿಯಂ ಬೆರೆಸಿದ್ದರಲ್ಲಿ ನೀರು ಬೆರಳಗಲವೂ ಇಳಿಯಲಿಲ್ಲ. ಮೂರನೆಯದಕ್ಕೆ ಜಿಪ್ಸಂ ಹಾಕಿದ್ದೆ; ಅದು ನಮ್ಮ ಜೇಡಿಯ ಕಣಗಳನ್ನು ಗುಂಪುಗಟ್ಟಿಸಿ, ನಡುವೆ ಸಂದು ಬಿಡಿಸಿ ಸೋರಿಕೆಯನ್ನು ಹೆಚ್ಚಿಸಿತು. ಜಿಪ್ಸಂ ಬೇಕಾದದ್ದು ನೀರಿಗೆ ಬಿದ್ದೊಡನೆ ಹಾಲಿನಂತೆ ಕರಗಿ ಹರಡುವ ಮಣ್ಣಿಗೆ ಮಾತ್ರ.

ಒಡ್ಡಿನ ಬಳಿ ಅಗಲ ಬಾಯಿಯ ತೊಟ್ಟಿಯೊಂದನ್ನು ತುಂಬಿಸಿಟ್ಟು, ಹೊಂಡದಲ್ಲೊಂದು ಅಳತೆಗೋಲು ನೆಟ್ಟಿದ್ದೇನೆ. ಮೊದಲು ತೊಟ್ಟಿ ಒಂದು ಬೆರಳು ಇಳಿದರೆ ಹೊಂಡ ನಾಲ್ಕೈದು ಬೆರಳು ಇಳಿಯುತ್ತಿತ್ತು. ಈಗ ಎರಡೂ ಹೆಚ್ಚುಕಡಿಮೆ ಸಮನಾಗಿ ಇಳಿಯುತ್ತವೆ; ತೊಟ್ಟಿ ಸೋರುವುದಿಲ್ಲವಾದ್ದರಿಂದ, ಹೊಂಡದಿಂದಲೂ ಹೋಗುತ್ತಿರುವುದು ಬಹುಪಾಲು ಆವಿಯಾದ ನೀರಷ್ಟೇ.